ನ್ಯೂಕ್ಲಿಯಸ್ ಕಲಿಯುವ ದಾರಿ: ಒಂದು ನೋಟ್‌ಬುಕ್, ನೂರು ನಾಣ್ಯ, ಒಂದು ಲೂಡೋ ದಾಳ

ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ನ್ಯೂಕ್ಲಿಯಸ್ ಪಾಠ ಬರುವುದು ಕೊನೆಕೊನೆಗೆ. ಅಷ್ಟು ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ. ಮೇಷ್ಟ್ರಿಗೂ ಅವಸರ, ಮಕ್ಕಳಿಗೂ ಅವಸರ. ಸೂತ್ರ ಬಾಯಿಪಾಠ ಆಗುತ್ತದೆ, ವಿಷಯ ಹಾಗೇ ಉಳಿದುಬಿಡುತ್ತದೆ. ನನಗೂ ಹಾಗೇ ಆಗಿತ್ತು. ಎಷ್ಟೋ ವರ್ಷ ಕಳೆದ ಮೇಲೆ ಒಂದು ಸಂಜೆ ಸುಮ್ನೆ ಕ್ಯಾಲ್ಕುಲೇಟರ್ ಹಿಡಿದು ಹೀಲಿಯಂನ ತೂಕ ಕೂಡಿ ನೋಡಿದೆ. ಲೆಕ್ಕ ತಾಳೆಯಾಗಲಿಲ್ಲ. ಸ್ವಲ್ಪ ಚಿಲ್ಲರೆ ಕಡಿಮೆ ಬಿತ್ತು. ಸೂರ್ಯ ಉರಿಯುವುದು, ಕೈಗಾದಲ್ಲಿ ಕರೆಂಟ್ ಹುಟ್ಟುವುದು, ಎಲ್ಲ ಆ ಚಿಲ್ಲರೆಯಿಂದ ಅಂತ ಆವತ್ತು ಹೊಳೆಯಿತು.

ಅದಕ್ಕೇ ಈ ಲೇಖನವನ್ನು ಓದಿ ಮುಗಿಸುವುದಕ್ಕಿಂತ ಮಾಡುತ್ತಾ ಹೋಗಿ. ನೋಟ್‌ಬುಕ್, ಕ್ಯಾಲ್ಕುಲೇಟರ್, ಹುಂಡಿಯಲ್ಲಿರುವ ನೂರು ನಾಣ್ಯ, ಲೂಡೋ ದಾಳ ಇದ್ದರೆ ಸಾಕು. (ಕೊನೆಯ ಹೆಜ್ಜೆಗೆ ಮಾತ್ರ ಬೇರೆ ಸಾಮಾನು ಬೇಕು.) ಎರಡು ಸಂಜೆ ಹಿಡಿಯುತ್ತದೆ.

ಹೆಜ್ಜೆ 1: ಹೆಸರು ಓದಲು ಕಲಿಯಿರಿ

ಮೊದಲು ಕನ್ನಡದ್ದೇ ಒಂದು ಗೊಂದಲ ಬಿಡಿಸಿಕೊಳ್ಳೋಣ. ಶಾಲೆ ಪುಸ್ತಕದಲ್ಲಿ ಅಣು ಬೇರೆ, ಪರಮಾಣು ಬೇರೆ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಪರಮಾಣು ಸೇರಿದರೆ ನೀರಿನ ಒಂದು ಅಣು. ಆದರೆ ಮಾತಿನಲ್ಲಿ ನಾವು ಹೇಳುವುದು ಅಣುಬಾಂಬ್, ಅಣುಸ್ಥಾವರ. ನಿಜಕ್ಕೂ ಅಲ್ಲಿ ಕೆಲಸ ಮಾಡುವುದು ಅಣುವೂ ಅಲ್ಲ, ಇಡೀ ಪರಮಾಣುವೂ ಅಲ್ಲ. ಅದರ ನಡುವೆ ಕೂತಿರುವ ನ್ಯೂಕ್ಲಿಯಸ್. ಹಳೆಯ ಪುಸ್ತಕಗಳು ಇದನ್ನು ಪರಮಾಣು ಬೀಜ ಅನ್ನುತ್ತವೆ. ನನಗೆ ಆ ಹೆಸರು ಇಷ್ಟ.

ನ್ಯೂಕ್ಲಿಯಸ್‌ನಲ್ಲಿ ಇರುವುದು ಎರಡೇ ಬಗೆಯ ಕಣ: ಪ್ರೋಟಾನ್, ನ್ಯೂಟ್ರಾನ್. ಪ್ರೋಟಾನ್ ಎಷ್ಟು ಅನ್ನುವುದು ಯಾವ ಧಾತು ಅನ್ನುವುದನ್ನು ತೀರ್ಮಾನಿಸುತ್ತದೆ. 6 ಇದ್ದರೆ ಇಂಗಾಲ, 92 ಇದ್ದರೆ ಯುರೇನಿಯಂ. ಹೆಸರಿನ ಪಕ್ಕದ ಅಂಕಿ ಎರಡೂ ಕಣಗಳ ಒಟ್ಟು ಎಣಿಕೆ. ಹಾಗಾಗಿ ಇಂಗಾಲ-14 ಅಂದರೆ 14ರಲ್ಲಿ 6 ಕಳೆದು 8 ನ್ಯೂಟ್ರಾನ್. ಇಂಗಾಲ-12ರಲ್ಲಿ 6. ಇವೆರಡೂ ಒಂದೇ ಧಾತುವಿನ ಐಸೋಟೋಪ್‌ಗಳು. ನೋಟ್‌ಬುಕ್‌ನಲ್ಲಿ ಚಿನ್ನ-197 ಬರೆದು ನ್ಯೂಟ್ರಾನ್ ಎಣಿಸಿ. ಚಿನ್ನಕ್ಕೆ ಪ್ರೋಟಾನ್ 79. ಉತ್ತರ 118 ಬಂದರೆ ಮುಂದೆ ಹೋಗಿ.

ಹೆಜ್ಜೆ 2: ಗಾತ್ರದ ಅಂದಾಜು ಕೈಗೆ ಸಿಗಲಿ

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಜೊತೆ ಕೆಲಸ ಮಾಡುತ್ತಿದ್ದ ಗೈಗರ್ ಮತ್ತು ಇಪ್ಪತ್ತರ ಹುಡುಗ ಮಾರ್ಸ್‌ಡೆನ್ ತೆಳು ಲೋಹದ ಹಾಳೆಗೆ ಆಲ್ಫಾ ಕಣ (ಹೀಲಿಯಂನ ನ್ಯೂಕ್ಲಿಯಸ್) ಹೊಡೆದರು. ಕತ್ತಲೆ ಕೋಣೆಯಲ್ಲಿ ಕೂತು, ಪರದೆಯ ಮೇಲೆ ಮಿನುಗುವ ಚುಕ್ಕೆಗಳನ್ನು ಕಣ್ಣಲ್ಲೇ ಎಣಿಸಿದರು. ಹೆಚ್ಚುಕಡಿಮೆ ಎಲ್ಲವೂ ನೇರ ದಾಟಿಹೋದವು. ಪ್ಲಾಟಿನಂ ಹಾಳೆಯಲ್ಲಿ ಸುಮಾರು 8,000ಕ್ಕೆ ಒಂದು ಮಾತ್ರ ಬಂದ ಕಡೆಗೇ ತಿರುಗಿತು. ಹಾಳೆಯೊಳಗೆ ಗಟ್ಟಿ ಇರುವ ಜಾಗ ಬಹಳ ಚಿಕ್ಕದು ಅಂತ ರುದರ್‌ಫೋರ್ಡ್ 1911ರಲ್ಲಿ ಹೇಳಿದ್ದು ಇದರ ಮೇಲೆ.

ಎಷ್ಟು ಚಿಕ್ಕದು? ಲೆಕ್ಕ ಸುಲಭ. ಒಟ್ಟು ಕಣಗಳ ಎಣಿಕೆಯ ಘನಮೂಲ ತೆಗೆದು 1.2ರಿಂದ ಗುಣಿಸಿ. ಬರುವುದು ನ್ಯೂಕ್ಲಿಯಸ್‌ನ ತ್ರಿಜ್ಯ, ಫೆಮ್ಟೊಮೀಟರ್‌ನಲ್ಲಿ. (1 ಮಿಲಿಮೀಟರನ್ನು ಒಂದು ಲಕ್ಷ ಕೋಟಿ ಚೂರು ಮಾಡಿದರೆ ಒಂದು ಚೂರು 1 ಫೆಮ್ಟೊಮೀಟರ್.) ಚಿನ್ನಕ್ಕೆ 197ರ ಘನಮೂಲ 5.8, ಉತ್ತರ ಸುಮಾರು 7. ಚಿನ್ನದ ಪರಮಾಣು ಇದರ ಸುಮಾರು 20,000 ಪಟ್ಟು ದೊಡ್ಡದು. ಚಿನ್ನದ ನ್ಯೂಕ್ಲಿಯಸ್ ಒಂದೂವರೆ ಮಿಲಿಮೀಟರ್‌ನ ರಾಗಿ ಕಾಳು ಅಂದುಕೊಂಡರೆ, ಪರಮಾಣು ಹತ್ತು ಮಹಡಿ ಕಟ್ಟಡ ಮುಳುಗುವಷ್ಟು ದೊಡ್ಡ ಗೋಳ.

ಘನಮೂಲ ಯಾಕೆ ಬಂತು ಅನ್ನುವುದನ್ನು ಬಿಟ್ಟು ಹೋಗಬೇಡಿ. ಎಳ್ಳುಂಡೆ ನೆನೆಸಿಕೊಳ್ಳಿ. ಎಳ್ಳು ಜಾಸ್ತಿ ಹಾಕಿದರೆ ಉಂಡೆ ದಪ್ಪ ಆಗುತ್ತದೆ, ಆದರೆ ಒಳಗೆ ಎಳ್ಳು ಕೂತಿರುವ ಒತ್ತು ಅಷ್ಟೇ ಇರುತ್ತದೆ. ನ್ಯೂಕ್ಲಿಯಸ್ಸೂ ಹಾಗೇ. ಚಿಕ್ಕದಾಗಲಿ ದೊಡ್ಡದಾಗಲಿ, ಸಾಂದ್ರತೆ ಬಹುಮಟ್ಟಿಗೆ ಒಂದೇ. ಆ ಸಾಂದ್ರತೆ ಎಂಥದ್ದು ಅಂದರೆ, ರಾಗಿ ಕಾಳಿನಷ್ಟು ಜಾಗದಲ್ಲಿ ಬರೀ ನ್ಯೂಕ್ಲಿಯಸ್ ತುಂಬಿದರೆ ಸುಮಾರು 4 ಲಕ್ಷ ಟನ್ ತೂಗುತ್ತದೆ.

ಹೆಜ್ಜೆ 3: ಜಗಳ ಯಾರದ್ದು, ಅಂಟು ಯಾರದ್ದು

ಪ್ರೋಟಾನ್‌ಗಳೆಲ್ಲ ಧನ ವಿದ್ಯುತ್ತಿನವು. ಒಂದನ್ನೊಂದು ತಳ್ಳುತ್ತವೆ. ಎರಡು ಪ್ರೋಟಾನ್ 1 ಫೆಮ್ಟೊಮೀಟರ್ ದೂರದಲ್ಲಿದ್ದರೆ ತಳ್ಳುವ ಬಲ ಸುಮಾರು 230 ನ್ಯೂಟನ್. ಅಂದರೆ 25 ಕೆಜಿ ಅಕ್ಕಿ ಚೀಲದ ಭಾರಕ್ಕೆ ಸ್ವಲ್ಪ ಕಡಿಮೆ. ತೂಕವೇ ಇಲ್ಲದಂಥ ಕಣಗಳ ನಡುವೆ ಅಷ್ಟು ಬಲ! ಹಾಗಿದ್ದೂ ಚದುರುವುದಿಲ್ಲ. ಯಾಕೆಂದರೆ ಪ್ರೋಟಾನ್, ನ್ಯೂಟ್ರಾನ್ ಎರಡನ್ನೂ ಹಿಡಿದಿಡುವ ಇನ್ನೊಂದು ಬಲ ಇದೆ. ಅದು ವಿದ್ಯುತ್ ಬಲಕ್ಕಿಂತ ಬಹಳ ಜೋರು, ಆದರೆ ಕೈ ಗಿಡ್ಡ. ಎರಡು ಮೂರು ಫೆಮ್ಟೊಮೀಟರ್ ದಾಟಿದರೆ ಇಲ್ಲವೇ ಇಲ್ಲ ಅನ್ನಬಹುದು.

ಇಲ್ಲೇ ಇಡೀ ಕಥೆಯ ಗುಟ್ಟು ಇದೆ. ಒಂದು ಕಣ ತನ್ನ ಅಕ್ಕಪಕ್ಕದವರ ಕೈ ಮಾತ್ರ ಹಿಡಿಯಬಲ್ಲದು. ಜಗಳ ಮಾತ್ರ ಊರಿನ ಎಲ್ಲ ಪ್ರೋಟಾನ್ ಜೊತೆಗೂ. ಯುರೇನಿಯಂನಲ್ಲಿ 92 ಪ್ರೋಟಾನ್. ಜಗಳದ ಜೋಡಿ ಎಷ್ಟು? 92ನ್ನು 91ರಿಂದ ಗುಣಿಸಿ ಎರಡರಿಂದ ಭಾಗಿಸಿ: 4,186. ನ್ಯೂಕ್ಲಿಯಸ್ ದೊಡ್ಡದಾದ ಹಾಗೆ ಅಂಟು ನಿಧಾನಕ್ಕೆ ಏರುತ್ತದೆ, ಜಗಳ ಬೇಗ ಬೆಳೆಯುತ್ತದೆ. ಜಗಳ ಆಡದೆ ಬರೀ ಅಂಟು ಕೊಡುವವರು ನ್ಯೂಟ್ರಾನ್‌ಗಳು. ಅದಕ್ಕೇ ಭಾರದ ನ್ಯೂಕ್ಲಿಯಸ್‌ಗಳಿಗೆ ಅವು ಜಾಸ್ತಿ ಬೇಕು. ಕ್ಯಾಲ್ಸಿಯಂ-40ರಲ್ಲಿ 20ಕ್ಕೆ 20, ಸೀಸ-208ರಲ್ಲಿ 82ಕ್ಕೆ 126. ನ್ಯೂಟ್ರಾನ್ ಅಂತ ಒಂದಿದೆ ಎಂದು ಚಾಡ್ವಿಕ್ 1932ರಲ್ಲಿ ತೋರಿಸುವವರೆಗೆ ಈ ಲೆಕ್ಕ ಯಾರಿಗೂ ಸರಿಯಾಗಿ ಕೂತಿರಲಿಲ್ಲ.

ಹೆಜ್ಜೆ 4: ಕಾಣೆಯಾದ ಚಿಲ್ಲರೆ ಹುಡುಕಿ

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಬೇರೆ ಹೆಜ್ಜೆ ಓದಿ ಬಿಟ್ಟರೂ ಪರವಾಗಿಲ್ಲ, ಇದನ್ನು ಮಾತ್ರ ಕೈಯಾರೆ ಮಾಡಿ.

ಪರಮಾಣುಗಳನ್ನು ತೂಗಲು ಒಂದು ವಿಶೇಷ ಏಕಮಾನ ಇದೆ. ಇಂಗಾಲ-12ರ ಒಂದು ಪರಮಾಣುವನ್ನು 12 ಅಂತ ಇಟ್ಟುಕೊಂಡ ಅಳತೆ ಅದು. ಆ ಅಳತೆಯಲ್ಲಿ:

ಹೈಡ್ರೋಜನ್ ಪರಮಾಣು: 1.007825
ನ್ಯೂಟ್ರಾನ್: 1.008665
ಹೀಲಿಯಂ-4 ಪರಮಾಣು: 4.002603

ಹೀಲಿಯಂಗೆ ಬೇಕಾದ ಸಾಮಾನು ಎರಡು ಹೈಡ್ರೋಜನ್, ಎರಡು ನ್ಯೂಟ್ರಾನ್. (ಪ್ರೋಟಾನ್ ಬದಲು ಹೈಡ್ರೋಜನ್ ಪರಮಾಣುವನ್ನೇ ತೆಗೆದುಕೊಂಡರೆ ಎಲೆಕ್ಟ್ರಾನ್‌ಗಳ ತೂಕ ಎರಡೂ ಕಡೆ ಸರಿಹೋಗುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ: ಒಂದು ಕಡೆ ಪ್ರೋಟಾನ್, ಇನ್ನೊಂದು ಕಡೆ ಇಡೀ ಪರಮಾಣು ಹಾಕಿಬಿಡುತ್ತಾರೆ.)

ಕೂಡಿ: 2.015650 + 2.017330 = 4.032980. ಆದರೆ ತಯಾರಾದ ಹೀಲಿಯಂ ತೂಗುವುದು 4.002603. ಕೊರತೆ 0.030377.

ಸಾಮಾನು ಅಷ್ಟೇ, ಒಂದು ಕಣವೂ ಕಳೆದಿಲ್ಲ. ತೂಕ ಮಾತ್ರ ಕಮ್ಮಿ. ಕಣಗಳು ಸೇರಿ ಗಟ್ಟಿಯಾಗಿ ಕೂರುವಾಗ ಶಕ್ತಿ ಹೊರಗೆ ಹೋಗುತ್ತದೆ. ಶಕ್ತಿ ಹೋದರೆ ಅದರ ಜೊತೆ ತೂಕವೂ ಹೋಗುತ್ತದೆ. ಐನ್‌ಸ್ಟೈನರ ಸೂತ್ರ ಹೇಳುವುದು ಇಷ್ಟೇ. ಈ ಏಕಮಾನದ ಒಂದು ಪೂರ್ತಿ ಪಾಲು 931.5 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಸಮ. (ಎಲೆಕ್ಟ್ರಾನ್ ವೋಲ್ಟ್ ಅಂದರೆ ಕಣಗಳ ಶಕ್ತಿ ಅಳೆಯುವ ಪುಟ್ಟ ಏಕಮಾನ, ಮೆಗಾ ಅಂದರೆ ಹತ್ತು ಲಕ್ಷ.) ಹಾಗಾದರೆ 0.030377 × 931.5 = 28.3. ಇದು ಹೀಲಿಯಂನ ಬಂಧಕ ಶಕ್ತಿ. ಹೀಲಿಯಂ ನ್ಯೂಕ್ಲಿಯಸ್ಸನ್ನು ಬಿಡಿಬಿಡಿ ಮಾಡಬೇಕಾದರೆ ನಾವು ವಾಪಸ್ ಕಟ್ಟಬೇಕಾದ ಸಾಲ ಅಂತಲೂ ತಿಳಿಯಬಹುದು. ನಾಲ್ಕು ಕಣಕ್ಕೆ ಹಂಚಿದರೆ ತಲೆಗೆ 7.07.

ಇದೇ ರೀತಿ ಇನ್ನು ಮೂರು ಮಾಡಿ. ಡ್ಯುಟೀರಿಯಂ, ಅಂದರೆ ಹೈಡ್ರೋಜನ್-2, ತೂಕ 2.014102. ಕಬ್ಬಿಣ-56 (26 ಪ್ರೋಟಾನ್), ತೂಕ 55.934936. ಯುರೇನಿಯಂ-235, ತೂಕ 235.043930. ತಲೆಗೆ ಬರಬೇಕಾದ್ದು ಕ್ರಮವಾಗಿ 1.11, 8.79, 7.59. ಬರಲಿಲ್ಲವಾದರೆ ನ್ಯೂಟ್ರಾನ್ ಎಣಿಕೆ ಮತ್ತೆ ನೋಡಿ. ದಶಮಾಂಶಗಳನ್ನು ಅರ್ಧಕ್ಕೆ ಕತ್ತರಿಸಬೇಡಿ. ಇಲ್ಲಿ ವ್ಯಾಪಾರ ನಡೆಯುವುದೇ ಮೂರನೆಯ ದಶಮಾಂಶದಿಂದ ಆಚೆ.

ಹೆಜ್ಜೆ 5: ನಾಲ್ಕು ಚುಕ್ಕೆ ಇಟ್ಟು ಗೆರೆ ಎಳೆಯಿರಿ

ಅಡ್ಡಕ್ಕೆ ಕಣಗಳ ಎಣಿಕೆ, ಉದ್ದಕ್ಕೆ ತಲೆಗೆ ಬಂದ ಶಕ್ತಿ. ನಾಲ್ಕು ಚುಕ್ಕೆ ಇಡಿ. ಶುರುವಿನಲ್ಲಿ ಕಡಿದಾದ ಏರು, ಕಬ್ಬಿಣದ ಹತ್ತಿರ ನೆತ್ತಿ, ಆಮೇಲೆ ನಿಧಾನಕ್ಕೆ ಇಳಿಜಾರು. (ನೆತ್ತಿಯಲ್ಲಿರುವುದು ಕಬ್ಬಿಣ-56 ಅಂತ ಎಲ್ಲರೂ ಹೇಳುತ್ತಾರೆ. ಕೂದಲೆಳೆಯಷ್ಟು ಮೇಲೆ ಇರುವುದು ನಿಕ್ಕಲ್-62.)

ನೆತ್ತಿಯ ಕಡೆ ಹೋಗುವ ಯಾವ ಬದಲಾವಣೆಯಾದರೂ ಶಕ್ತಿ ಕೊಡುತ್ತದೆ. ಎಡಗಡೆಯವರು ಸೇರಿದರೆ ಲಾಭ. ಅದು ಸಮ್ಮಿಲನ. ನಾಲ್ಕು ಹೈಡ್ರೋಜನ್‌ನಿಂದ ಒಂದು ಹೀಲಿಯಂ ಆದರೆ 26.7 ಮೆಗಾ ಎಲೆಕ್ಟ್ರಾನ್ ವೋಲ್ಟ್. ಸೂರ್ಯ ನಡೆಸುತ್ತಿರುವ ದಂಧೆ ಇದೇ. ಆಸ್ಟನ್ ಎಂಬ ವಿಜ್ಞಾನಿ ಪರಮಾಣುಗಳನ್ನು ನಿಖರವಾಗಿ ತೂಗಿ ಈ ಕೊರತೆ ತೋರಿಸಿದ ಕೂಡಲೇ, 1920ರಲ್ಲೇ, ಸೂರ್ಯನ ಶಕ್ತಿ ಇಲ್ಲಿಂದ ಬರಬಹುದು ಅಂತ ಖಗೋಳ ವಿಜ್ಞಾನಿ ಎಡಿಂಗ್ಟನ್ ಹೇಳಿದ್ದರು.

ಬಲಗಡೆಯವರು ಒಡೆದರೆ ಲಾಭ. ಅದು ವಿದಳನ. ಇದರ ಲೆಕ್ಕ ಮೊದಲು ಆದದ್ದು ಹಿಮದಲ್ಲಿ. 1938ರ ಡಿಸೆಂಬರ್. ಬರ್ಲಿನ್‌ನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ, ಅಂದರೆ ಯುರೇನಿಯಂಗಿಂತ ಬಹಳ ಹಗುರ ಧಾತು, ಸಿಕ್ಕಿತ್ತು. ಅದು ಹೇಗೆ ಸಾಧ್ಯ ಅಂತ ಅವರಿಗೇ ನಂಬಿಕೆ ಬರಲಿಲ್ಲ. ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಲೀಸೆ ಮೈಟ್ನರ್ ಆ ಹೊತ್ತಿಗೆ ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಸ್ವೀಡನ್ ಸೇರಿದ್ದರು. ಹಾನ್ ಆಕೆಗೆ ಕಾಗದ ಬರೆದು ಕೇಳಿದರು. ಕ್ರಿಸ್‌ಮಸ್‌ಗೆ ಬಂದಿದ್ದ ಸೋದರಿಯ ಮಗ ಓಟೋ ಫ್ರಿಶ್ ಜೊತೆ ಮೈಟ್ನರ್ ಕುಂಗೆಲ್ವ್ ಎಂಬ ಊರಿನಲ್ಲಿ ಹಿಮದ ಮೇಲೆ ನಡೆಯುತ್ತಾ ಹೋದರು. ಕೊನೆಗೆ ಇಬ್ಬರೂ ಒಂದು ಮರದ ದಿಮ್ಮಿಯ ಮೇಲೆ ಕೂತು, ಚೀಟಿಗಳ ಮೇಲೆ ಲೆಕ್ಕ ಹಾಕಿದರು. ನೀರಿನ ಹನಿ ಸೊಂಟ ಸಣ್ಣಗಾಗಿ ಎರಡಾಗುವ ಹಾಗೆ ನ್ಯೂಕ್ಲಿಯಸ್ ಒಡೆದರೆ? ಮೈಟ್ನರ್‌ಗೆ ತೂಕಗಳು ನೆನಪಿದ್ದವು. ಎರಡು ಹೋಳು ಸೇರಿದರೂ ಪ್ರೋಟಾನ್‌ನ ಐದನೇ ಒಂದರಷ್ಟು ತೂಕ ಕಮ್ಮಿ ಬೀಳುತ್ತದೆ. ಅದು ಸುಮಾರು 200 ಮೆಗಾ ಎಲೆಕ್ಟ್ರಾನ್ ವೋಲ್ಟ್. ಹೋಳುಗಳು ಒಂದನ್ನೊಂದು ತಳ್ಳಿ ಪಡೆಯುವ ಶಕ್ತಿಯೂ ಅಷ್ಟೇ ಬಂತು. ಲೆಕ್ಕ ತಾಳೆಯಾಯಿತು.

ನಿಮ್ಮ ಗ್ರಾಫ್‌ನಲ್ಲೂ ಇದು ಸಿಗುತ್ತದೆ. ನಡುವಿನ ನ್ಯೂಕ್ಲಿಯಸ್‌ಗಳಿಗೆ ತಲೆಗೆ ಸುಮಾರು 8.5, ಯುರೇನಿಯಂಗೆ 7.6. ವ್ಯತ್ಯಾಸ 0.9, ಗುಣಿಸು 235. ಹೆಚ್ಚುಕಡಿಮೆ 210. ನಾಲ್ಕು ಚುಕ್ಕೆಯ ಗ್ರಾಫಿಗೆ ಇಷ್ಟು ಹತ್ತಿರ ಬಂದರೆ ಸಾಕಲ್ವಾ? ಇದ್ದಿಲು ಉರಿಯುವಾಗ ಒಂದು ಇಂಗಾಲದ ಪರಮಾಣು ಕೊಡುವುದು ಸುಮಾರು 4 ಎಲೆಕ್ಟ್ರಾನ್ ವೋಲ್ಟ್. ಮೆಗಾ ಇಲ್ಲ, ಬರೀ 4. ಪರಮಾಣುವಿಗೆ ಪರಮಾಣು ಹೋಲಿಸಿದರೆ ಐದು ಕೋಟಿ ಪಟ್ಟು ವ್ಯತ್ಯಾಸ. ಆದರೂ ಒಂದೊಂದು ವಿದಳನ ಚಿಲ್ಲರೆಯೇ. 1 ವಾಟ್ ಶಾಖ ಬೇಕೆಂದರೆ ಸೆಕೆಂಡಿಗೆ ಸುಮಾರು 3,100 ಕೋಟಿ ನ್ಯೂಕ್ಲಿಯಸ್ ಒಡೆಯಬೇಕು.

ಕಾಳಿ ನದಿ ದಂಡೆಯ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕ ಇರುವುದು ಇದೇ ಕೆಲಸಕ್ಕೆ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ 235ನೆಯದು ನೂರಕ್ಕೆ 0.72 ಮಾತ್ರ. ಒಂದು ನ್ಯೂಕ್ಲಿಯಸ್ ಒಡೆದಾಗ ಹಾರುವ ನ್ಯೂಟ್ರಾನ್ ಮುಂದಿನದನ್ನು ಒಡೆಯುತ್ತದೆ, ಅದೇ ಸರಣಿ. ಅಷ್ಟು ಕಮ್ಮಿ ಇಟ್ಟುಕೊಂಡು ಆ ಸರಣಿ ನಡೆಯಬೇಕಾದರೆ ಒಂದು ನ್ಯೂಟ್ರಾನನ್ನೂ ಪೋಲು ಮಾಡುವ ಹಾಗಿಲ್ಲ. ವೇಗದ ನ್ಯೂಟ್ರಾನನ್ನು ನಿಧಾನ ಮಾಡಬೇಕು, ಆದರೆ ನುಂಗಬಾರದು. ಅದಕ್ಕೇ ಅಲ್ಲಿ ಭಾರಜಲ, ಅಂದರೆ ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ನೀರು. ಮಾಮೂಲಿ ನೀರು ನಿಧಾನ ಮಾಡುತ್ತದೆ, ಜೊತೆಗೆ ಒಂದಷ್ಟು ನುಂಗಿಬಿಡುತ್ತದೆ. ಕೈಗಾದ ಮೊದಲನೇ ಘಟಕ 2018ರ ಕೊನೆಯವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿತ್ತು.

ಹೆಜ್ಜೆ 6: ಕ್ಷಯದ ಜಮಾಖರ್ಚು

ಇದು ಚಿಕ್ಕ ಹೆಜ್ಜೆ. ಅಸ್ಥಿರ ನ್ಯೂಕ್ಲಿಯಸ್ ಸಮಾಧಾನಕ್ಕೆ ಬರಲು ಮುಖ್ಯವಾಗಿ ಮೂರು ದಾರಿ ಹಿಡಿಯುತ್ತದೆ. ಇದಕ್ಕೇ ಕ್ಷಯ ಅನ್ನುವುದು. ಆಲ್ಫಾ: ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಕಟ್ಟಿದ ಗಂಟನ್ನು ಹೊರಗೆ ಎಸೆಯುತ್ತದೆ. ಆ ಗಂಟು ಹೀಲಿಯಂ ನ್ಯೂಕ್ಲಿಯಸ್ಸೇ. ನಿಮ್ಮ 28.3ರ ಲೆಕ್ಕ ನೆನಪಿದೆಯಾ? ಅಷ್ಟು ಬಿಗಿಯಾದ ಗಂಟು ಆದ್ದರಿಂದಲೇ ಅದನ್ನು ಕಳಿಸಿದರೆ ಲಾಭ. ಬೀಟಾ: ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಒಂದು ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೋ ಎಂಬ, ವಿದ್ಯುತ್ತಿಲ್ಲದ ತೀರಾ ಹಗುರ ಕಣ ಹೊರಗೆ ಹಾರುತ್ತವೆ. ಗಾಮಾ: ಕಣ ಯಾವುದೂ ಬದಲಾಗುವುದಿಲ್ಲ, ಉಳಿದ ಶಕ್ತಿ ಬೆಳಕಿನ ರೂಪದಲ್ಲಿ ಹೋಗುತ್ತದೆ.

ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ. ಯುರೇನಿಯಂ-238 (92) → ಥೋರಿಯಂ-234 (90) + ಹೀಲಿಯಂ-4 (2). ಇಂಗಾಲ-14 (6) → ಸಾರಜನಕ-14 (7) + ಎಲೆಕ್ಟ್ರಾನ್ (−1) + ಆಂಟಿನ್ಯೂಟ್ರಿನೋ (0). ಬಾಣದ ಎರಡೂ ಕಡೆ ಹೆಸರಿನ ಪಕ್ಕದ ಅಂಕಿಯೂ ಕೂಡಬೇಕು, ಕಂಸದ ಅಂಕಿಯೂ (ಅದು ವಿದ್ಯುತ್ತಿನ ಲೆಕ್ಕ) ಕೂಡಬೇಕು. ಕೂಡಲಿಲ್ಲವೆಂದರೆ ತಪ್ಪು ನಿಮ್ಮದು. ಪ್ರಕೃತಿ ಇಲ್ಲಿ ಉದ್ರಿ ಕೊಡುವುದಿಲ್ಲ.

ಹೆಜ್ಜೆ 7: ನಾಣ್ಯ ಎಸೆಯಿರಿ

ಅರ್ಧಾಯು, ಅಂದರೆ ಇದ್ದ ನ್ಯೂಕ್ಲಿಯಸ್ಸುಗಳಲ್ಲಿ ಅರ್ಧ ಕ್ಷಯವಾಗಲು ಹಿಡಿಯುವ ಕಾಲ, ಅನ್ನುವುದನ್ನು ಅರ್ಥ ಮಾಡಿಸಲು ನನಗೆ ಗೊತ್ತಿರುವ ದಾರಿ ಒಂದೇ. ನೂರು ನಾಣ್ಯ ಡಬ್ಬಿಗೆ ಹಾಕಿ, ಕುಲುಕಿ, ಚಾಪೆ ಮೇಲೆ ಸುರಿಯಿರಿ. ಸಿಂಹದ ಮುಖ ಮೇಲೆ ಬಂದವನ್ನೆಲ್ಲ ತೆಗೆದಿಡಿ. ಅವು ಕ್ಷಯವಾದವು. ಉಳಿದವನ್ನು ಎಣಿಸಿ ಬರೆದು ಮತ್ತೆ ಸುರಿಯಿರಿ. ಸುಮಾರು 50, 25, 12, 6 ಅಂತ ಇಳಿಯುತ್ತದೆ. ಸರಿಯಾಗಿ ಅಷ್ಟೇ ಬರುವುದಿಲ್ಲ. ಮೊದಲ ಸಲ 46 ಬರಬಹುದು, 55 ಬರಬಹುದು. ನಾಣ್ಯ ಕಮ್ಮಿಯಾದ ಹಾಗೆ ಏರುಪೇರು ಇನ್ನೂ ಎದ್ದು ಕಾಣುತ್ತದೆ.

ಆಡುತ್ತಾ ಎರಡು ಸಂಗತಿ ಗಮನಿಸಿ. ಯಾವ ನಾಣ್ಯ ಯಾವಾಗ ಹೋಗುತ್ತದೆ ಅಂತ ಹೇಳಲು ಆಗುವುದಿಲ್ಲ, ಆದರೆ ಗುಂಪಿನ ಲೆಕ್ಕ ಮಾತ್ರ ಪಕ್ಕಾ. ಎರಡನೆಯದು, ನಾಲ್ಕು ಸಲ ಉಳಿದುಕೊಂಡ ನಾಣ್ಯಕ್ಕೆ ಐದನೇ ಸಲ ಹೋಗುವ ಸಾಧ್ಯತೆ ಜಾಸ್ತಿಯೇನೂ ಆಗಿರುವುದಿಲ್ಲ. ನಾಣ್ಯಕ್ಕೆ ವಯಸ್ಸಾಗಲ್ಲ. ನ್ಯೂಕ್ಲಿಯಸ್‌ಗೂ ಆಗಲ್ಲ. ನಾನೂರು ಕೋಟಿ ವರ್ಷದಿಂದ ಬಂಡೆಯಲ್ಲಿ ಕೂತಿರುವ ಯುರೇನಿಯಂ-238 ಇವತ್ತೂ ಹೊಸದರ ಹಾಗೇ ಇದೆ. ಅದರ ಅರ್ಧಾಯು 447 ಕೋಟಿ ವರ್ಷ.

ಈಗ ದಾಳ. ಈ ಸಲ 1 ಬಿದ್ದರೆ ಮಾತ್ರ ಕ್ಷಯ. ನೂರು ದಾಳ ಯಾರ ಮನೆಯಲ್ಲೂ ಇರುವುದಿಲ್ಲ. ಇಪ್ಪತ್ತು ಹುಣಸೆ ಬೀಜ ಸಾಲಾಗಿ ಇಟ್ಟು, ಒಂದೊಂದರ ಹೆಸರಿನಲ್ಲೂ ದಾಳ ಹಾಕಿ. ಬೇಜಾರಾದರೆ ಎಕ್ಸೆಲ್‌ನಲ್ಲಿ 1ರಿಂದ 6ರವರೆಗಿನ ಅಂಕಿ ನೂರು ಮನೆಗೆ ತುಂಬಿಸಿ. ನೂರಕ್ಕೆ ಲೆಕ್ಕ ಹಿಡಿದರೆ 83, 69, 58, 48 ಅಂತ ಹೋಗುತ್ತದೆ. ಅರ್ಧ ಆಗಲು ಬೇಕಾದ್ದು 3.8 ಸುತ್ತು. ಒಂದು ಸುತ್ತನ್ನು ಒಂದು ದಿನ ಅಂತ ತಿಳಿದರೆ, ನೀವು ಆಡುತ್ತಿರುವುದು ರೇಡಾನ್-222ರ ಆಟ. ಅದರ ಅರ್ಧಾಯು 3.8 ದಿನ! ಕಾಕತಾಳೀಯ ಅಷ್ಟೇ, ಆದರೆ ಬಹಳ ಒಳ್ಳೆಯ ಕಾಕತಾಳೀಯ. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂನ ವಂಶದಲ್ಲಿ ಹುಟ್ಟುವ ಅನಿಲ ಈ ರೇಡಾನ್. ನೆಲದಿಂದ ಸೋರಿ ಮನೆಯೊಳಗಿನ ಗಾಳಿಗೂ ಬರುತ್ತದೆ. ಇದನ್ನು ಕೊನೆಯ ಹೆಜ್ಜೆಗೆ ನೆನಪಿಟ್ಟುಕೊಳ್ಳಿ.

ವಿಕಿರಣ ಅಂದ ಕೂಡಲೇ ಹೆದರುವವರು ಒಂದು ಎಳನೀರಿನ ಲೆಕ್ಕ ಮಾಡಲಿ. 1 ಗ್ರಾಂ ಪೊಟ್ಯಾಶಿಯಂನಲ್ಲಿ ಸೆಕೆಂಡಿಗೆ ಸುಮಾರು 31 ನ್ಯೂಕ್ಲಿಯಸ್ ಕ್ಷಯವಾಗುತ್ತವೆ. ಕಾರಣ, ಅದರಲ್ಲಿ ನೂರಕ್ಕೆ 0.0117ರಷ್ಟು ಪೊಟ್ಯಾಶಿಯಂ-40 ಇದೆ. ಒಂದು ಎಳನೀರಿನಲ್ಲಿ ಅರ್ಧ ಗ್ರಾಂ ಪೊಟ್ಯಾಶಿಯಂ ಅಂತ ಹಿಡಿದರೂ ಸೆಕೆಂಡಿಗೆ 15. ನಿಮ್ಮ ಮೈಯೊಳಗೆ ಆಗಲೇ 4,000ದ ಆಸುಪಾಸು ನಡೆಯುತ್ತಿದೆ. ಎಳನೀರು ಕುಡಿದರೆ ಇದು ಏರುತ್ತಾ ಹೋಗುವುದಿಲ್ಲ. ದೇಹ ಪೊಟ್ಯಾಶಿಯಂನ ಮಟ್ಟವನ್ನು ತಾನೇ ಹದದಲ್ಲಿಡುತ್ತದೆ. ಪ್ರಶ್ನೆ ಯಾವಾಗಲೂ ಎಷ್ಟು, ಯಾವ ಬಗೆಯದು, ಒಳಗೋ ಹೊರಗೋ ಅನ್ನುವುದು.

ಹೆಜ್ಜೆ 8: ಕಣ್ಣಲ್ಲಿ ನೋಡಿ

ಕಣಗಳ ಜಾಡು ತೋರಿಸುವ ಕ್ಲೌಡ್ ಚೇಂಬರ್, ಅಂದರೆ ಮೋಡದ ಡಬ್ಬಿ, ಕಟ್ಟೋಣ. ಇದು ದೊಡ್ಡವರ ಜೊತೆ ಮಾಡುವ ಕೆಲಸ. ಡ್ರೈ ಐಸ್ ಬೇಕು. ದೊಡ್ಡ ಊರುಗಳಲ್ಲಿ ಅದನ್ನು ಮಾರುವವರು ಸಿಗುತ್ತಾರೆ. ಜೊತೆಗೆ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್. ನೀರು ಬೆರೆತ ಸ್ಯಾನಿಟೈಸರ್ ಇದಕ್ಕೆ ಆಗದು.

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒಳಗಿನಿಂದ ದಪ್ಪ ಬಟ್ಟೆ ಅಂಟಿಸಿ. ಬಟ್ಟೆಗೆ ಆಲ್ಕೋಹಾಲ್ ಚೆನ್ನಾಗಿ ಕುಡಿಸಿ. ಕಪ್ಪು ಟೇಪ್ ಹಚ್ಚಿದ ಲೋಹದ ತಟ್ಟೆಯ ಮೇಲೆ ಡಬ್ಬಿಯನ್ನು ಬೋರಲು ಹಾಕಿ, ಅಂಚಿನಲ್ಲಿ ಗಾಳಿ ಆಡದಂತೆ ಮುಚ್ಚಿ. ತಟ್ಟೆಯನ್ನು ಡ್ರೈ ಐಸ್ ಮೇಲೆ ಸಮನಾಗಿ ಇಡಿ. ಡ್ರೈ ಐಸ್ ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ದಪ್ಪ ಕೈಗವಸು ಹಾಕಿ. ಅದು ಆವಿಯಾದರೆ ಇಂಗಾಲದ ಡೈಆಕ್ಸೈಡ್, ಆದ್ದರಿಂದ ಕಿಟಕಿ ತೆರೆದಿರಲಿ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಅದನ್ನು ಇಡಲೇಬೇಡಿ, ಸಿಡಿಯುತ್ತದೆ. ಆಲ್ಕೋಹಾಲ್ ಹತ್ತಿ ಉರಿಯುವ ವಸ್ತು. ಒಲೆ, ದೀಪ, ಅಗರಬತ್ತಿ ಏನೂ ಹತ್ತಿರ ಬೇಡ.

ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಮೊದಲು ತುಂತುರು ಮಳೆಯಂಥ ಸಣ್ಣ ಮಂಜು ಕಾಣುತ್ತದೆ. ಆಮೇಲೆ ತಟ್ಟೆಯ ಹತ್ತಿರ ನೂಲಿನಂಥ ಬಿಳಿ ಗೆರೆಗಳು ಹುಟ್ಟಿ ಮಾಯವಾಗಲು ಶುರುವಾಗುತ್ತವೆ. ಏನೂ ಕಾಣಲಿಲ್ಲವಾದರೆ ಬಹುಪಾಲು ತಪ್ಪು ಗಾಳಿ ಸೋರುವುದರಲ್ಲಿ ಇರುತ್ತದೆ. ಅಂಚು ಮತ್ತೆ ಮುಚ್ಚಿ.

ಒಂದೊಂದು ಗೆರೆಯೂ ಒಂದು ಕಣ ಹಾದುಹೋದ ದಾರಿಯಲ್ಲಿ ಆಲ್ಕೋಹಾಲ್ ಆವಿ ಹನಿಗಟ್ಟಿದ ಜಾಡು. ಉದ್ದ, ತೆಳು, ನೇರ ಗೆರೆ ಸಾಮಾನ್ಯವಾಗಿ ಮ್ಯೂಯಾನ್ ಎಂಬ ಕಣದ್ದು. ಆಕಾಶದಿಂದ ಬಂದದ್ದು. ಮಟ್ಟಸವಾಗಿ ಹಿಡಿದ ಅಂಗೈಯೊಂದರಿಂದ ನಿಮಿಷಕ್ಕೆ ನೂರರ ಆಸುಪಾಸು ಇವು ದಾಟಿ ಹೋಗುತ್ತಿರುತ್ತವೆ. ಈ ಮ್ಯೂಯಾನ್‌ಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದು, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಹಿಡಿದರು. ಸೊಟ್ಟಂಬಟ್ಟ ತೆಳು ಗೆರೆ ಎಲೆಕ್ಟ್ರಾನ್.

ಇನ್ನೊಂದು ಬಗೆ ಅಪರೂಪಕ್ಕೆ ಬರುತ್ತದೆ. ಗಿಡ್ಡ, ದಪ್ಪ, ಬೆರಳಿಗಿಂತ ಉದ್ದ ಇಲ್ಲದ ಗೆರೆ. ಥಟ್ಟನೆ ಮೂಡಿ ಹೊಗೆಯಂತೆ ಕರಗುತ್ತದೆ. ಅದು ಆಲ್ಫಾ, 28.3ರ ಆ ಬಿಗಿ ಗಂಟು. ನೀವು ಡಬ್ಬಿಗೆ ಏನೂ ಹಾಕಿಲ್ಲ, ಕೋಣೆಯ ಗಾಳಿ ಮಾತ್ರ ಇದೆ. ಹಾಗಾಗಿ ಆ ಗೆರೆ ಬಹುಶಃ ರೇಡಾನ್‌ನದ್ದು, ಇಲ್ಲವೇ ಅದು ಕ್ಷಯವಾಗಿ ಹುಟ್ಟಿದ ಮರಿಗಳದ್ದು. ನಿಮ್ಮ ದಾಳ 1 ಬಿದ್ದ ಹಾಗೆ.